ದವಡೆ ನೋವು ಮತ್ತು ಟೆನ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಹಲ್ಲಿನ ಡಾಕ್ಟರ್. ವಾರಕ್ಕೊಂದು ದಿನ ಮಂಡ್ಯದಲ್ಲೂ ಕೂರುತ್ತೇನೆ. ಹಲ್ಲು ನೋವು ಅಂತ ಬಂದು, ಹಲ್ಲಿನಲ್ಲಿ ಏನೂ ಸಿಗದೆ ಗಾಬರಿಯಾಗುವವರು ಎರಡೂ ಕಡೆ ಸಿಗುತ್ತಾರೆ. ಅವರು ಕುರ್ಚಿಯಲ್ಲಿ ಕೂತು ಕೇಳಿದ್ದು, ಕಾಗದದಲ್ಲಿ, ವಾಟ್ಸಾಪಿನಲ್ಲಿ ಬರೆದು ಕೇಳಿದ್ದು ಎಲ್ಲವನ್ನೂ ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆ ಮಾತ್ರ ಓದಿದರೂ ಸಾಕು. ಆದರೆ ‘ಯಾವಾಗ ಆಸ್ಪತ್ರೆಗೆ ಓಡಬೇಕು’ ಅನ್ನುವುದನ್ನು ಮಾತ್ರ ಯಾರೂ ಬಿಡಬೇಡಿ.

## ಮೊದಲು ಕೇಳುವ ಪ್ರಶ್ನೆಗಳು

ಟೆನ್ಷನ್ ಆದ್ರೆ ದವಡೆ ಯಾಕೆ ನೋಯ್ಬೇಕು? ಎಲ್ಲಿಂದೆಲ್ಲಿಗೆ ಸಂಬಂಧ ಡಾಕ್ಟ್ರೇ?

ಎರಡು ಬೆರಳನ್ನು ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಸ್ವಲ್ಪ ಕೆಳಗೆ ಇಡಿ. ಈಗ ಹಲ್ಲು ಕಚ್ಚಿ. ಗಟ್ಟಿಯಾಗಿ ಒಂದು ಗಂಟು ಎದ್ದು ಬಂತು ಅಲ್ವಾ? ಅದು ಮ್ಯಾಸೆಟರ್ ಅನ್ನುವ ಸ್ನಾಯು. ಬೆರಳನ್ನು ಕಣತಲೆಗೆ ಸರಿಸಿ ಮತ್ತೆ ಕಚ್ಚಿ. ಅಲ್ಲೂ ಒಂದು ಉಬ್ಬುತ್ತದೆ. ಅದು ಟೆಂಪೊರಾಲಿಸ್. ಊಟ ಅಗಿಯುವುದು ಇವುಗಳ ಕೆಲಸ. ಆದರೆ ಭಯ, ಸಿಟ್ಟು, ಆತಂಕ ಬಂದಾಗಲೂ ಇವು ಬಿಗಿಯುತ್ತವೆ. ಎದೆ ಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಭುಜ ಮೇಲೇಳುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಇದೆಲ್ಲ ನಾವು ಯೋಚಿಸಿ ಮಾಡುವುದಲ್ಲ.

ಕನ್ನಡಕ್ಕೆ ಇದು ಹಿಂದಿನಿಂದಲೂ ಗೊತ್ತು. ಸಿಟ್ಟು ಬಂದರೆ ಹಲ್ಲು ಮಸೆಯುತ್ತೇವೆ. ಕಷ್ಟ ಬಂದರೆ ಹಲ್ಲು ಕಚ್ಚಿಕೊಂಡು ಸಹಿಸುತ್ತೇವೆ. ಕೋಪ ತಡೆದುಕೊಂಡವನು ಅವುಡುಗಚ್ಚಿ ನಿಂತ ಅನ್ನುತ್ತೇವೆ. ಇವು ಬರೀ ಮಾತಿನ ಅಲಂಕಾರ ಅಲ್ಲ. ದೇಹ ನಿಜವಾಗಿ ಮಾಡುವ ಕೆಲಸ.

ಸುಮ್ನೆ ಇರುವಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 2ರಿಂದ 4 ಮಿಲಿಮೀಟರ್ ಅಂತರ ಇರಬೇಕು. ಊಟ, ನುಂಗುವುದು ಎಲ್ಲ ಸೇರಿಸಿದರೂ ದಿನಕ್ಕೆ ಹೆಚ್ಚುಕಡಿಮೆ 20 ನಿಮಿಷ ಮಾತ್ರ ಹಲ್ಲಿಗೆ ಹಲ್ಲು ತಾಕುತ್ತದೆ. ಅಷ್ಟಕ್ಕೇ ಒಗ್ಗಿದ ಸ್ನಾಯುವನ್ನು ದಿನಕ್ಕೆ ಮೂರ್ನಾಲ್ಕು ಗಂಟೆ ಬಿಗಿ ಹಿಡಿದರೆ ಅದು ನೋಯದೆ ಇನ್ನೇನು ಮಾಡುತ್ತದೆ?

ಅಂದ್ರೆ ನನ್ನ ನೋವು ಸುಳ್ಳು, ಎಲ್ಲಾ ಮನಸ್ಸಿನದ್ದು ಅಂತೀರಾ?

ಇಲ್ಲ. ಖಂಡಿತ ಇಲ್ಲ. ಇಡೀ ದಿನ ಮೂಟೆ ಹೊತ್ತವರ ಬೆನ್ನು ನೋವು ಎಷ್ಟು ನಿಜವೋ ಇದೂ ಅಷ್ಟೇ ನಿಜ. ಕಾರಣ ಮನಸ್ಸಿನಲ್ಲಿ ಶುರುವಾಗಿರಬಹುದು, ನೋವು ಇರುವುದು ಮಾಂಸದಲ್ಲಿ, ಕೀಲಿನಲ್ಲಿ. ‘ನಿಮಗೆ ಏನೂ ಇಲ್ಲ, ಟೆನ್ಷನ್ ಅಷ್ಟೇ’ ಅಂತ ಹೇಳಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಟೆನ್ಷನ್ ಅನ್ನುವುದು ಒಂದು ಕಾರಣ. ಅದು ಯಾರ ಮೇಲೂ ಹೊರಿಸುವ ತಪ್ಪಲ್ಲ.

ಇದು ಹಲ್ಲುನೋವೋ ದವಡೆ ನೋವೋ ಹೇಗೆ ಗೊತ್ತಾಗೋದು?

ಹಲ್ಲಿನದ್ದಾದರೆ ಸಾಮಾನ್ಯವಾಗಿ ಒಂದು ಹಲ್ಲನ್ನು ತೋರಿಸಿ ಹೇಳಬಹುದು. ತಣ್ಣೀರು ತಾಕಿದರೆ ಜುಂ ಅನ್ನುತ್ತದೆ, ಅದರ ಮೇಲೆ ಕಚ್ಚಿದರೆ ನೋಯುತ್ತದೆ, ರಾತ್ರಿ ಎಬ್ಬಿಸುತ್ತದೆ. ದವಡೆ ಸ್ನಾಯುವಿನ ನೋವು ಹಾಗಲ್ಲ. ‘ಎಲ್ಲಿ?’ ಅಂದರೆ ಜನ ಇಡೀ ಅಂಗೈಯನ್ನು ಕೆನ್ನೆಗೆ ಇಡುತ್ತಾರೆ. ಒಂದು ದಿನ ಮೇಲಿನ ಹಲ್ಲು, ಇನ್ನೊಂದು ದಿನ ಕೆಳಗಿನದು ಅನ್ನುತ್ತಾರೆ. ಬೆಳಗ್ಗೆ ಎದ್ದಾಗಲೋ ಸಂಜೆ ಕೆಲಸ ಮುಗಿದ ಮೇಲೋ ಜಾಸ್ತಿ. ಆಕಳಿಸುವಾಗ ಹಿಡಿದುಕೊಳ್ಳುತ್ತದೆ.

ಮಂಡ್ಯ ಕಡೆಯ ಒಬ್ಬ ಟೀಚರ್ ನೆನಪಾಗುತ್ತಾರೆ. ನನ್ನ ಹತ್ತಿರ ಬರುವ ಹೊತ್ತಿಗೆ ಬೇರೆ ಕಡೆ ಎರಡು ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು, ಒಂದು ಹಲ್ಲು ಕೀಳಿಸಿಯೂ ಆಗಿತ್ತು. ನೋವು ಹಾಗೇ ಇತ್ತು. ಬಾಯಿ ತೆಗೆಸಿ ನೋಡಿದೆ. ಕೆನ್ನೆಯ ಒಳಗೆ, ಹಲ್ಲು ಕೂಡುವ ಸಾಲಿನಲ್ಲಿ, ದಾರ ಎಳೆದ ಹಾಗೆ ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಹೋಳಿಗೆಯ ಅಂಚಿಗೆ ಬೆರಳು ಒತ್ತಿದ ಹಾಗೆ. ಎರಡೂ ಕೆನ್ನೆಯ ಮೇಲೆ ಬೆರಳಿಟ್ಟು, ಮಾತಿಗೆ ಅಂತ ‘ಮನೆಯಲ್ಲಿ ಯಾರ್ಯಾರಿದ್ದೀರಿ?’ ಅಂದೆ. ಅವರು ಬಾಯಿ ಬಿಡುವ ಮೊದಲೇ ನನ್ನ ಬೆರಳ ಕೆಳಗೆ ಸ್ನಾಯು ಕಲ್ಲಿನಂತಾಯಿತು. ಆಮೇಲೆ ಹೇಳಿದರು: ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ‘ಏನೂ ತೊಂದರೆ ಇಲ್ಲ ಮೇಡಂ, ನಡೀತಿದೆ’ ಅಂತ ಸೇರಿಸಿದರು. ದವಡೆ ಬೇರೆಯೇ ಹೇಳುತ್ತಿತ್ತು.

ಎಕ್ಸ್‌ರೇಯಲ್ಲಿ ಕಾರಣ ಕಾಣದಿದ್ದರೆ, ಹಲ್ಲಿನ ಮೇಲೆ ಕೈ ಹಾಕಿಸುವ ಮೊದಲು ಒಂದೇ ಮಾತು ಕೇಳಿ: ‘ನನ್ನ ದವಡೆಯ ಸ್ನಾಯು, ಕೀಲು ಮುಟ್ಟಿ ನೋಡಿದ್ರಾ?’

ಯಾವಾಗ ಟೆನ್ಷನ್ ಅಂತ ಸುಮ್ಮನಿರದೆ ಆಸ್ಪತ್ರೆಗೆ ಓಡಬೇಕು?

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ, ಗದ್ದೆಯಲ್ಲಿ ಕೆಲಸ ಮಾಡುವಾಗ ದವಡೆ ಹಿಂಡಿದ ಹಾಗೆ ಆಗಿ, ನಿಂತರೆ ಕಡಿಮೆಯಾಗುತ್ತಿದೆಯಾ? ಅದು ಹೃದಯದ ಸೂಚನೆ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ, ಇಸಿಜಿ ಮಾಡಿಸಿ. ಕೂತಲ್ಲೇ ದವಡೆ ನೋವಿನ ಜೊತೆ ಬೆವರು, ಎದೆ ಭಾರ, ಉಸಿರಾಟದ ಕಷ್ಟ, ಕೈಗೆ ಹರಿಯುವ ನೋವು, ವಾಕರಿಕೆ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಇದೆ, ಮಂಡ್ಯದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್ ಹತ್ತಿರ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆ ನೋವೇ ಇಲ್ಲದೆ ಹೃದಯಾಘಾತ ಆಗಬಹುದು. ‘ಹಲ್ಲು ನೋವಿರಬೇಕು, ಬೆಳಗ್ಗೆ ನೋಡೋಣ’ ಅನ್ನುವ ಮಾತು ಇಲ್ಲಿ ಬೇಡ.

ಐವತ್ತು ದಾಟಿದವರಿಗೆ ಅಗಿಯುತ್ತ ಅಗಿಯುತ್ತ ದವಡೆ ಸೋತುಹೋದರೆ, ಕಣತಲೆಯಲ್ಲಿ ಹೊಸದಾಗಿ ನೋವು ಬಂದರೆ, ಕಣ್ಣು ಮಂಜಾದರೆ ಅದೂ ತುರ್ತು. ರಕ್ತನಾಳದ ಉರಿಯೂತ ಇರಬಹುದು, ತಡವಾದರೆ ದೃಷ್ಟಿ ಹೋಗಬಹುದು. ಬಾಯಿ ತೆರೆದದ್ದು ಮುಚ್ಚಲು ಆಗದಿದ್ದರೆ, ಜ್ವರದ ಜೊತೆ ಮುಖ ಊದಿಕೊಂಡರೆ, ನುಂಗಲು ಆಗದಿದ್ದರೆ, ಪೆಟ್ಟು ಬಿದ್ದಿದ್ದರೆ ಅವತ್ತೇ ತೋರಿಸಿ. ಕೆನ್ನೆ ಮುಟ್ಟಿದರೆ, ಮುಖ ತೊಳೆದರೆ ಕರೆಂಟ್ ಹೊಡೆದ ಹಾಗೆ ಕ್ಷಣ ಮಾತ್ರ ಬಂದು ಹೋಗುವ ನೋವು ನರದ್ದು. ಅದಕ್ಕೆ ನರರೋಗ ತಜ್ಞರು ಬೇಕು.

ನಾನು ಹಲ್ಲು ಕಡಿಯೋದೇ ಇಲ್ಲ. ಮತ್ತೆ ನನಗ್ಯಾಕೆ?

ಕಡಿಯುವುದು ಬೇರೆ, ಕಚ್ಚಿಕೊಂಡಿರುವುದು ಬೇರೆ. ಕಡಿದರೆ ಸದ್ದು ಬರುತ್ತದೆ. ಕಚ್ಚಿಕೊಂಡರೆ ಬರುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ, ನಿಮಗೂ ಸೇರಿ. ಕಂಪ್ಯೂಟರ್ ಮುಂದೆ ತಲೆ ಬಗ್ಗಿಸಿದಾಗ, ಟ್ರಾಫಿಕ್‌ನಲ್ಲಿ ಸ್ಕೂಟರ್ ಓಡಿಸುವಾಗ, ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ, ಸೂಜಿಗೆ ದಾರ ಪೋಣಿಸುವಾಗ ಒಮ್ಮೆ ಗಮನಿಸಿ. ಈ ಸಾಲು ಓದುತ್ತಿರುವಾಗ ನಿಮ್ಮ ಹಲ್ಲು ಎಲ್ಲಿದೆ? ಈ ಪ್ರಶ್ನೆಗೆ ಬಹಳ ಜನ ತಟ್ಟನೆ ದವಡೆ ಸಡಿಲಿಸಿ ‘ಅಯ್ಯೋ’ ಅನ್ನುತ್ತಾರೆ.

## ದಿನನಿತ್ಯದ ಅನುಮಾನಗಳು

ರಾತ್ರಿ ಕಟಕಟ ಅಂತ ಹಲ್ಲು ಕಡೀತಾರೆ. ಹೊಟ್ಟೆಯಲ್ಲಿ ಜಂತುಹುಳ ಇರ್ಬೇಕು ಅಂತಾರೆ ನಮ್ಮಜ್ಜಿ. ನಿಜಾನಾ?

ಹುಳ ಇದ್ದರೆ ಅದಕ್ಕೆ ಔಷಧಿ ಕೊಡಿ. ಆದರೆ ಹಲ್ಲು ಕಡಿಯಲು ಅದೇ ಕಾರಣ ಅನ್ನಲು ಗಟ್ಟಿ ಆಧಾರ ಇಲ್ಲ. ನಿದ್ದೆಯಲ್ಲಿ ಮೆದುಳು ಆಗಾಗ ಕೆಲವು ಸೆಕೆಂಡು ಅರೆ ಎಚ್ಚರವಾಗುತ್ತದೆ. ಆ ಹೊತ್ತಿಗೆ ಮೊದಲು ಎದೆ ಬಡಿತ ಜೋರಾಗುತ್ತದೆ, ಆಮೇಲೆ ದವಡೆಯ ಸ್ನಾಯು ಬಿಗಿಯುತ್ತದೆ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಸಿಗರೇಟು, ಮದ್ಯ, ರಾತ್ರಿಯ ಕಾಫಿ ಇವೆಲ್ಲ ಅದನ್ನು ಹೆಚ್ಚಿಸಬಹುದು. ಫಿಲ್ಟರ್ ಕಾಫಿ ಬಿಡಿ ಅನ್ನಲು ಮೈಸೂರಿನವಳಾದ ನನಗೆ ಬಾಯಿ ಬರುವುದಿಲ್ಲ. ಮಧ್ಯಾಹ್ನದ ಮೇಲಿನದ್ದು ಮಾತ್ರ ಬಿಟ್ಟು ನೋಡಿ.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ಹಗಲು ಎಚ್ಚರದಲ್ಲಿ ಕಚ್ಚಿಕೊಳ್ಳುವುದಕ್ಕೂ ಮನಸ್ಸಿನ ಒತ್ತಡಕ್ಕೂ ಇರುವ ನಂಟು ಗಟ್ಟಿ. ರಾತ್ರಿ ಕಡಿಯುವುದಕ್ಕೂ ಒತ್ತಡಕ್ಕೂ ಇರುವ ನಂಟು ಅಷ್ಟು ಗಟ್ಟಿಯಲ್ಲ, ಅದರಲ್ಲಿ ನಿದ್ದೆಯ ಪಾತ್ರವೇ ದೊಡ್ಡದು. ಚಿಕ್ಕ ಮಕ್ಕಳು ಕಡಿಯುವುದು ಬಹುಪಾಲು ವಯಸ್ಸಾಗುತ್ತ ತಾನೇ ನಿಲ್ಲುತ್ತದೆ. ಮಗು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಮಾತ್ರ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ.

ಬಾಯಿ ತೆಗೆದಾಗ ಟಕ್ ಅನ್ನುತ್ತೆ. ಕೀಲು ಜಾರಿದೆಯಾ?

ಕಿವಿಯ ಮುಂದಿನ ಈ ಕೀಲಿನೊಳಗೆ ಮೆತ್ತನೆಯ ಬಿಲ್ಲೆಯೊಂದಿದೆ. ಅದು ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಕೂರುವಾಗ ಸದ್ದಾಗುತ್ತದೆ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಡ. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಮುಂದಿನ ಹಲ್ಲಿನ ನಡುವೆ ಹಿಡಿಸಿ ನೋಡಿ. ಹಿಡಿಸಿದರೆ ಸರಿ.

ಕಿವಿ ನೋಯುತ್ತೆ, ಗುಂಯ್ ಅನ್ನುತ್ತೆ. ಕಿವಿ ಡಾಕ್ಟ್ರು ಏನೂ ಇಲ್ಲ ಅಂದ್ರು.

ಕೀಲಿಗೂ ಕಿವಿಯ ಮುಂಭಾಗಕ್ಕೂ ಒಂದೇ ನರದ ಕೊಂಬೆ ಹೋಗುತ್ತದೆ. ಕೀಲು ನೊಂದರೆ ಮೆದುಳಿಗೆ ಕಿವಿ ನೊಂದ ಹಾಗೆ ಅನ್ನಿಸಬಹುದು. ದವಡೆಯ ನರ ಮತ್ತು ಕತ್ತಿನ ಮೇಲ್ಭಾಗದ ನರಗಳು ಮೆದುಳಿನ ಬುಡದಲ್ಲಿ ಒಂದೇ ಕಡೆ ಸೇರುವುದರಿಂದ ಕತ್ತು, ತಲೆ, ದವಡೆ ಮೂರೂ ಒಟ್ಟಿಗೆ ನೋಯುವುದು ಸಾಮಾನ್ಯ. ಕಿವಿಯ ಮುಂದೆ ಒತ್ತಿ, ಬಾಯಿ ತೆರೆದು ಮುಚ್ಚಿ. ಅದೇ ನೋವು ಎದ್ದರೆ ದವಡೆ ಕಡೆ ನೋಡಬೇಕು. ಗುಂಯ್ ಸದ್ದು ನಿಲ್ಲದೇ ಇದ್ದರೆ, ಕೇಳಿಸುವುದು ಕಡಿಮೆಯಾಗಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಏನು ತಿನ್ನಬಹುದು, ಏನು ತಿನ್ನಬಾರದು?

ನಮ್ಮ ಸೀಮೆಯವರು ಪುಣ್ಯವಂತರು. ಮುದ್ದೆಯನ್ನು ನಾವು ಅಗಿಯುವುದೇ ಇಲ್ಲ, ನುಂಗುತ್ತೇವೆ. ದವಡೆಗೆ ರಜೆ ಕೊಡಬೇಕಾದ ವಾರಕ್ಕೆ ಮುದ್ದೆ, ಬಸ್ಸಾರು, ಮೊಸರನ್ನ, ಇಡ್ಲಿ, ನಂಜನಗೂಡು ರಸಬಾಳೆ ಸಾಕಷ್ಟಾಯಿತು. ಎರಡು ವಾರ ಚಕ್ಕುಲಿ, ನಿಪ್ಪಟ್ಟು, ಗರಿಗರಿ ಮದ್ದೂರು ವಡೆ, ಮಟನ್ ಮೂಳೆ ಬದಿಗಿಡಿ. ಕಬ್ಬು ಹಲ್ಲಿನಿಂದ ಸಿಗಿದು ತಿನ್ನಬೇಡಿ, ಕಬ್ಬಿನ ಹಾಲು ಕುಡಿಯಿರಿ. ಸಂಕ್ರಾಂತಿ ಮುಗಿದ ವಾರ ನನ್ನ ಮಂಡ್ಯದ ಕುರ್ಚಿಗೆ ದವಡೆ ಹಿಡಿದುಕೊಂಡು ಬರುವವರು ಜಾಸ್ತಿ: ಒಂದೇ ದಿನ ಎಳ್ಳುಬೆಲ್ಲ, ಒಣಕೊಬ್ಬರಿ, ಕಬ್ಬು ಮೂರೂ. ಚ್ಯೂಯಿಂಗ್ ಗಮ್ ಪೂರ್ತಿ ನಿಲ್ಲಿಸಿ. ತಿಂಗಳುಗಟ್ಟಲೆ ಗಂಜಿ ಮಾತ್ರ ಕುಡಿಯುವುದೂ ಬೇಡ. ಸ್ನಾಯುವಿಗೆ ಸ್ವಲ್ಪ ಕೆಲಸವೂ ಬೇಕು.

ಎಲೆ ಅಡಿಕೆ ಹಾಕ್ತೀನಿ. ಬಾಯಿ ಪೂರ್ತಿ ತೆಗೆಯೋಕೆ ಆಗ್ತಿಲ್ಲ. ಇದೂ ಟೆನ್ಷನ್ನಿಂದಾನಾ?

ಬಹುಶಃ ಅಲ್ಲ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಡಿಕೆ, ಗುಟ್ಕಾ ಅಗಿಯುವವರಿಗೆ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆ ಬರುತ್ತದೆ. ಖಾರ ತಾಕಿದರೆ ಉರಿ, ಕೆನ್ನೆ ಒಳಗೆ ಬಿಳಚಿದ ಬಣ್ಣ, ದಿನ ಕಳೆದಂತೆ ಬಾಯಿ ಚಿಕ್ಕದಾಗುವುದು ಇದರ ಲಕ್ಷಣ. ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇದೆ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಇವತ್ತೇ ನಿಲ್ಲಿಸಿ, ಈ ವಾರವೇ ತೋರಿಸಿ. ಟೆನ್ಷನ್‌ಗೆ ಅಂತ ಅಡಿಕೆ ಹಾಕಿ, ದವಡೆ ನೋವನ್ನೂ ಈ ಕಾಯಿಲೆಯನ್ನೂ ಒಟ್ಟಿಗೆ ತಂದುಕೊಂಡವರನ್ನು ನೋಡಿದ್ದೇನೆ.

## ವಾಸಿ ಮಾಡಿಕೊಳ್ಳುವುದು

ಮನೆಯಲ್ಲೇ ಏನು ಮಾಡಬಹುದು? ಸುಲಭದ್ದು ಹೇಳಿ.

ಎಲ್ಲಕ್ಕಿಂತ ದೊಡ್ಡ ಮದ್ದು ಇದೇ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ‘ಲ’ ಅನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ನಿಂತಿತು ಅಲ್ವಾ? ಅದನ್ನು ಅಲ್ಲೇ ಬಿಟ್ಟು ತುಟಿ ಮುಚ್ಚಿ. ದವಡೆ ತಾನಾಗಿ ತೂಗುತ್ತದೆ. ಅದೇ ಅದರ ಜಾಗ.

ಗೊತ್ತಿದ್ದರೂ ನೆನಪಿರುವುದಿಲ್ಲ, ಕಷ್ಟ ಇರುವುದು ಅಲ್ಲಿ. ಅದಕ್ಕೆ ದಿನದಲ್ಲಿ ಹತ್ತಾರು ಸಲ ಎದುರಾಗುವ ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ನನ್ನದು ಸಿಗ್ನಲ್ಲು. ರಾಮಸ್ವಾಮಿ ಸರ್ಕಲ್ಲಿನಲ್ಲಿ ಕೆಂಪು ಬಿದ್ದರೆ ‘ಲ’ ಅನ್ನುತ್ತೇನೆ. ಹೌದು, ನನಗೂ ಈ ತೊಂದರೆ ಇತ್ತು. ಒಬ್ಬರು ಬಾಗಿಲು ತೆರೆದಾಗಲೆಲ್ಲ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ಮಿಕ್ಸಿಯ ಮೇಲೆ ಕೆಂಪು ಬಿಂದಿ ಅಂಟಿಸಿದ್ದಾರೆ. ಮೊದಲ ವಾರ ದಿನಕ್ಕೆ ಮೂವತ್ತು ಸಲ ಕಚ್ಚಿಕೊಂಡೇ ಸಿಕ್ಕಿಬೀಳುತ್ತೀರಿ. ಬೇಸರ ಮಾಡಬೇಡಿ. ಸಿಕ್ಕಿಬಿದ್ದ ಪ್ರತಿ ಸಲವೂ ಸ್ನಾಯುವಿಗೆ ಒಂದು ಬಿಡುವು.

ಸಂಜೆ ಹದಿನೈದು ನಿಮಿಷ ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಕೊಡಿ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿದ ಗಂಟಾದರೂ ಸರಿ, ಮೊದಲು ಮುಂಗೈಗೆ ತಾಗಿಸಿ ನೋಡಿ. ಆಮೇಲೆ ಗಟ್ಟಿಯಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಸುತ್ತುತ್ತ ತಿಕ್ಕಿ. ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿಕೊಂಡೇ ಬಾಯಿಯನ್ನು ನಿಧಾನಕ್ಕೆ ತೆರೆದು ಮುಚ್ಚಿ, ಆರು ಸಲ. ನೋವಾಗುವಷ್ಟು ತೆರೆಯಬೇಡಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಇಡಿ. ಯೋಗ ಮಾಡುವವರಿಗೆ ಭ್ರಾಮರಿ ಗೊತ್ತಿರುತ್ತದೆ. ತುಟಿ ಮುಚ್ಚಿ, ಹಲ್ಲು ಬಿಟ್ಟು, ಗುಂಯ್ ಅನ್ನುವಾಗ ಉಸಿರೂ ಉದ್ದವಾಗುತ್ತದೆ, ದವಡೆಯೂ ಸಡಿಲವಾಗುತ್ತದೆ.

ನೋವಿನ ಮಾತ್ರೆ ನುಂಗ್ತಾ ಇದ್ರೆ ಆಗಲ್ವಾ?

ಕೆಲವು ದಿನಕ್ಕೆ ಪರವಾಗಿಲ್ಲ, ಡಾಕ್ಟರನ್ನು ಕೇಳಿ. ಗ್ಯಾಸ್ಟ್ರಿಕ್, ಕಿಡ್ನಿ, ಬಿಪಿ ತೊಂದರೆ ಇದ್ದವರಿಗೆ ಜಾಸ್ತಿ ಎಚ್ಚರ ಬೇಕು.

ಖಿನ್ನತೆಗೆ ಮಾತ್ರೆ ಶುರು ಮಾಡಿದ ಮೇಲೆ ಹಲ್ಲು ಕಚ್ಚೋದು ಜಾಸ್ತಿ ಆಗಿದೆ. ನಿಲ್ಲಿಸ್ಲಾ?

ನೀವಾಗಿ ನಿಲ್ಲಿಸಬೇಡಿ. ಫ್ಲುಆಕ್ಸೆಟಿನ್, ಸರ್ಟ್ರಲಿನ್, ವೆನ್ಲಾಫ್ಯಾಕ್ಸಿನ್ ಮುಂತಾದ ಮಾತ್ರೆಗಳಿಂದ ಕೆಲವರಿಗೆ ಹೀಗಾಗುವುದು ಉಂಟು. ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಪ್ರಮಾಣ ಬದಲಿಸಲು, ಬೇರೆ ಮಾತ್ರೆ ಕೊಡಲು ದಾರಿ ಇದೆ.

ನೈಟ್ ಗಾರ್ಡ್ ಹಾಕಿಸಿಕೊಂಡ್ರೆ ಕಡಿಯೋದು ನಿಲ್ಲುತ್ತಾ?

ನಿಲ್ಲುವುದಿಲ್ಲ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಈ ಕವಚ ಹಲ್ಲು ಸವೆಯುವುದನ್ನು ತಪ್ಪಿಸುತ್ತದೆ. ಕೆಲವರಿಗೆ ಬೆಳಗಿನ ಬಿಗಿತ ಕಡಿಮೆಯಾಗುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹಳೆಯ ದವಡೆ ನೋವಿಗೆ ಯಾವ ಚಿಕಿತ್ಸೆ ಎಷ್ಟು ನಂಬಬಹುದು ಅಂತ ಅಳೆದು ನೋಡಿತು. ಮುಂದೆ ನಿಂತದ್ದು ಯೋಚನೆ ಮತ್ತು ಅಭ್ಯಾಸ ಬದಲಿಸುವ ಮಾತಿನ ಚಿಕಿತ್ಸೆ, ಫಿಸಿಯೋಥೆರಪಿ, ದವಡೆಯ ವ್ಯಾಯಾಮ, ಸರಿಯಾದ ತಿಳಿವಳಿಕೆ. ಬರೀ ನೋವಿಗೆ ಅಂತ ಗಾರ್ಡ್ ಹಾಕಿಸುವುದನ್ನು ಅದು ಅಷ್ಟಾಗಿ ಒಪ್ಪಲಿಲ್ಲ. ಹಲ್ಲು ಸವೆದಿದ್ದರೆ ನಾನು ಕೊಡುತ್ತೇನೆ, ಎಲ್ಲಾ ಹಲ್ಲು ಮುಚ್ಚುವ ಗಟ್ಟಿಯದ್ದು, ಅಳತೆ ತೆಗೆದು. ಆನ್‌ಲೈನ್‌ನಲ್ಲಿ ತರಿಸಿ ಬಿಸಿನೀರಲ್ಲಿ ಅದ್ದಿ ಹಾಕಿಕೊಳ್ಳುವ ಮೆತ್ತನೆಯದನ್ನು ಕೆಲವರು ರಾತ್ರಿಯಿಡೀ ಅಗಿಯುತ್ತಾರೆ.

ಹಲ್ಲಿನ ಮಟ್ಟ ಸರಿ ಇಲ್ಲ, ಉಜ್ಜಿ ಸರಿ ಮಾಡಿದ್ರೆ ನೋವು ಹೋಗುತ್ತೆ ಅಂದಿದ್ದಾರೆ. ಮಾಡಿಸ್ಲಾ?

ತಡೆಯಿರಿ. ಉಜ್ಜುವುದು ಅಂದರೆ ಇಲ್ಲಿ ಬ್ರಷ್ ಮಾಡುವುದಲ್ಲ, ಯಂತ್ರದಿಂದ ಹಲ್ಲನ್ನು ಸವೆಸುವುದು. ಹಾಗೆ ಮಟ್ಟ ಮಾಡಿದರೆ ನೋವು ಹೋಗುತ್ತದೆ ಅನ್ನುವ ನಂಬಿಕೆ ಹಳೆಯದು. 1934ರಲ್ಲಿ ಅಮೆರಿಕದ ಕಾಸ್ಟನ್ ಎಂಬ ಕಿವಿ ಮೂಗು ಗಂಟಲು ವೈದ್ಯರು, ಹಿಂದಿನ ಹಲ್ಲು ಬಿದ್ದು ದವಡೆ ಮೇಲೆ ಸರಿಯುವುದರಿಂದಲೇ ಈ ನೋವು ಅಂದರು. ದಶಕಗಳ ಕಾಲ ಜನರ ಹಲ್ಲು ಉಜ್ಜಿದರು, ಎತ್ತರಿಸಿದರು. 1969ರಲ್ಲಿ ಲಾಸ್ಕಿನ್ ಎಂಬುವರು ಮುಖ್ಯ ಕಾರಣ ಸ್ನಾಯುವಿನ ಆಯಾಸ, ಅದರ ಹಿಂದೆ ಮನಸ್ಸಿನ ಒತ್ತಡ ಅಂತ ವಾದಿಸಿದರು. ಅವರೂ ಜೊತೆಗಾರರೂ 1976ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 25 ರೋಗಿಗಳಿಗೆ ಹಲ್ಲು ಉಜ್ಜಿದ ಹಾಗೆ ಮಾಡಿದರು, ನಿಜವಾಗಿ ಉಜ್ಜಲಿಲ್ಲ. 16 ಮಂದಿಗೆ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು. ಅವರ ನೋವು ಸುಳ್ಳಾಗಿರಲಿಲ್ಲ. ಯಾರೋ ಕೂತು ಗಮನ ಕೊಟ್ಟರೆ, ಭರವಸೆ ಸಿಕ್ಕರೆ ಸ್ನಾಯು ಬಿಗಿ ಬಿಡುತ್ತದೆ.

ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನೋವಿಗೋಸ್ಕರ ಉಜ್ಜುವುದು, ಕ್ರೌನ್ ಹಾಕುವುದು, ಕೀಳುವುದು ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ದಂತ ಕಾಲೇಜುಗಳಲ್ಲಿ ಬಾಯಿ, ದವಡೆಯ ಕಾಯಿಲೆ ನೋಡುವ ಓರಲ್ ಮೆಡಿಸಿನ್ ಅನ್ನುವ ವಿಭಾಗ ಇರುತ್ತದೆ. ಬನ್ನಿಮಂಟಪದ ಜೆಎಸ್‌ಎಸ್ ದಂತ ಕಾಲೇಜು ನಮ್ಮ ಊರಿನಲ್ಲೇ ಇದೆ. ಚೀಟಿ ಮಾಡಿಸುವಾಗ ‘ದವಡೆ ಕೀಲು ನೋವು’ ಅಂತಲೇ ಹೇಳಿ.

ಬೊಟಾಕ್ಸ್?

ಈ ಚುಚ್ಚುಮದ್ದು ಸ್ನಾಯುವಿನ ಬಲ ಕೆಲವು ತಿಂಗಳು ಕಡಿಮೆ ಮಾಡುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು. ನೋವಿಗೆ ಅದರಿಂದ ಲಾಭ ಅನ್ನುವ ಪುರಾವೆ ಗಟ್ಟಿಯಿಲ್ಲ. ಮೊದಲ ಆಯ್ಕೆ ಖಂಡಿತ ಅಲ್ಲ.

ಮನಸ್ಸಿನ ಡಾಕ್ಟರ್ ಹತ್ರ ಹೋಗಿ ಅಂದ್ರಿ. ನಾನೇನು ಹುಚ್ಚಿಯಾ?

ಈ ಪ್ರಶ್ನೆ ಕೇಳಿದವರ ಕಣ್ಣಲ್ಲಿ ನೀರಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕಾಲು ಮುರಿದರೆ ನಡೆಯುವುದನ್ನು ಮತ್ತೆ ಕಲಿಸಲು ಒಬ್ಬರು ಬೇಕು. ಇದೂ ಹಾಗೇ. ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವು ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟರೆ ನೋವು ಇನ್ನೂ ಜಾಸ್ತಿ ಅನ್ನಿಸುತ್ತದೆ. ಆತಂಕ ಏರುತ್ತದೆ, ದವಡೆ ಮತ್ತೆ ಬಿಗಿಯುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಆಪ್ತಸಮಾಲೋಚಕರು ಹೇಳಿಕೊಡುವುದು ಅದನ್ನೇ. ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದುಡ್ಡು ಕೊಡಬೇಕಾಗಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಈಗಲೇ ಮಾಡಿ. ಜೊತೆಗೆ ಮನೆಯ ಒಬ್ಬರಿಗಾದರೂ ಹೇಳಿ.

ಸಾಲ ಹೋಗಲ್ಲ, ಕಬ್ಬಿನ ಬಾಕಿ ಬರಲ್ಲ. ಟೆನ್ಷನ್ ಇದ್ದೇ ಇರುತ್ತೆ. ಹಂಗಾದ್ರೆ ನೋವೂ ಹೋಗಲ್ವಾ?

ಹೋಗುತ್ತದೆ. ಕಷ್ಟ ಪೂರ್ತಿ ಮುಗಿದ ಮೇಲೇ ನೋವು ಹೋಗಬೇಕು ಅಂತಿಲ್ಲ. ಕಷ್ಟಕ್ಕೂ ದವಡೆಗೂ ನಡುವೆ ಇರುವ ಕೊಂಡಿಯನ್ನು ಮಾತ್ರ ನಾವು ಸಡಿಲಿಸುತ್ತೇವೆ. ಬಹುಪಾಲು ಜನರಿಗೆ ಮೇಲೆ ಹೇಳಿದ ಸಣ್ಣಪುಟ್ಟ ಕೆಲಸಗಳಿಂದಲೇ ಕೆಲವು ವಾರ, ತಿಂಗಳಲ್ಲಿ ನೋವು ಇಳಿಯುತ್ತದೆ. ನಡುವೆ ಪರೀಕ್ಷೆ, ಸಾವು, ಜಗಳ ಬಂದಾಗ ತಿರುಗಿ ಏಳಬಹುದು. ಆಗ ಹೊಸ ಕಾಯಿಲೆ ಅಂದುಕೊಳ್ಳದೆ ಹಳೆಯ ಅಭ್ಯಾಸಕ್ಕೆ ಮರಳಿ.

ಮೊದಲು ಹೇಳಿದ ಮಂಡ್ಯದ ಟೀಚರ್ ಅವರ ಅತ್ತೆ ಇನ್ನೂ ಹಾಸಿಗೆಯಲ್ಲೇ ಇದ್ದಾರೆ. ಆದರೆ ಮೈದುನನ ಹೆಂಡತಿ ಈಗ ವಾರಕ್ಕೆರಡು ದಿನ ಬಂದು ನೋಡಿಕೊಳ್ಳುತ್ತಾರೆ. ಕೇಳಿದ್ದು ಟೀಚರೇ, ಎರಡು ವರ್ಷದಲ್ಲಿ ಮೊದಲ ಸಲ. ಹೋದ ತಿಂಗಳು ಬಂದಾಗ ಮೂರು ಬೆರಳು ಸಲೀಸಾಗಿ ಹಿಡಿಸಿದವು. ಕೆನ್ನೆಯ ಬಿಳಿ ಗೆರೆ ಇನ್ನೂ ಇದೆ, ಸ್ವಲ್ಪ ತೆಳುವಾಗಿದೆ.